ಮಾಳವ್ವನ ಮೂರು ಸ್ಪ್ರಿಂಗುಗಳು

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಕಿಡಿಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಕಮ್ಮಾರರ ಮಾಳವ್ವನ ಕುಲುಮೆಯಲ್ಲೊಂದು ಪದ್ಧತಿ. ಸ್ಪ್ರಿಂಗು ಕೊಳ್ಳುವವರು ಅದರ ಮೇಲೆ ನಿಂತು ಮೂರು ಸಲ ತುಳಿದು ನೋಡಿಯೇ ಒಯ್ಯಬೇಕು. ರಾಜನಿಗೂ ವಿನಾಯಿತಿ ಇರಲಿಲ್ಲ. ಪಾಪ, ಕಿರೀಟ ಹಿಡಿದುಕೊಂಡೇ ತುಳಿಯುತ್ತಿದ್ದ.

ಒಮ್ಮೆ ದಂಡಕೇತು ಎಂಬ ಮಾಂತ್ರಿಕ ಅವಳ ಗಂಡ ಬೈಲಪ್ಪನನ್ನು ಬೆಟ್ಟಕ್ಕೆ ಕರೆಸಿ, "ನನ್ನ ಕಲ್ಲಾನೆ ತುಳಿದರೂ ಮತ್ತೆ ಎದ್ದು ನಿಲ್ಲೋ ವಸ್ತು ಮಾಡು" ಎಂದ. ಬೈಲಪ್ಪ ಕಾದ ಉಕ್ಕಿನ ಸರಳನ್ನು ಸುರುಳಿ ಸುತ್ತಿದ. ಅವಸರದಲ್ಲಿ ನೀರಿಗೆ ಅದ್ದಿಬಿಟ್ಟ, ಉಕ್ಕು ಗಾಜಿನಂತೆ ಪೆಡಸಾಯಿತು. ಆನೆ ಕಾಲಿಟ್ಟದ್ದೇ ತಡ, ಸ್ಪ್ರಿಂಗು ಪಟ್ಟನೆ ಮುರಿಯಿತು. ಮಾಂತ್ರಿಕ ಬೈಲಪ್ಪನನ್ನು ಕಬ್ಬಿಣದ ಗೊಂಬೆ ಮಾಡಿ ಬಾಗಿಲ ಬಳಿ ನಿಲ್ಲಿಸಿಕೊಂಡ.

ಸುದ್ದಿ ಕೇಳಿ ಮಾಳವ್ವ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಕತ್ತೆಯ ಮೇಲೆ ಕುಲುಮೆಗೆ ಗಾಳಿ ಊದುವ ತಿದಿ ಹೇರಿಕೊಂಡು ಬೆಟ್ಟ ಹತ್ತಿದಳು.

"ಸ್ವಾಮಿ, ನಾನು ಮಾಡಿಕೊಡ್ತೀನಿ. ನನ್ನ ಗಂಡನ್ನ ಬಿಟ್ಟುಬಿಡಿ."

"ಮೂರು ಕೆಲಸ ಮಾಡು, ಬಿಡ್ತೀನಿ. ಒಂದು ಕೆಟ್ಟರೂ ಅವನ ಪಕ್ಕ ನೀನೂ ಗೊಂಬೆ!"

ಮಾಳವ್ವ ಅವಸರ ಮಾಡಲಿಲ್ಲ. ದಪ್ಪ ಸರಳನ್ನು ಸುರುಳಿ ಸುತ್ತಿ, ಹೊಂಗೆಣ್ಣೆಯಲ್ಲಿ ತಣಿಸಿ, ನವಿಲುಗರಿಯ ನೀಲಿ ಬರುವ ತನಕ ಮತ್ತೆ ಹದವಾಗಿ ಕಾಸಿದಳು. ಕಲ್ಲಾನೆ ತುಳಿಯಿತು. ಸ್ಪ್ರಿಂಗು ಕುಗ್ಗಿತು, ಮತ್ತೆ ಎದ್ದಿತು. ಆನೆಗೆ ಮೋಜೆನಿಸಿ ಇನ್ನೊಮ್ಮೆ ತುಳಿಯಿತು.

"ಬೆಂಕಿ ಹಾವು ಬರದ ಹಾಗೆ, ಯಾರೂ ಮುಟ್ಟದೆ ತಾನೇ ಮುಚ್ಚೋ ಬಾಗಿಲು ಬೇಕು" ಎಂದ ಮಾಂತ್ರಿಕ. ಅವಳು ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಂಥ ಸ್ಪ್ರಿಂಗು ಮಾಡಿ, ಎರಡೂ ತುದಿಗೆ ಕೊಕ್ಕೆ ಹಾಕಿ, ಬಾಗಿಲಿಗೂ ಚೌಕಟ್ಟಿಗೂ ಸಿಕ್ಕಿಸಿದಳು. ಬಾಗಿಲು ತೆರೆದರೆ ಸ್ಪ್ರಿಂಗು ಹಿಗ್ಗುತ್ತಿತ್ತು, ಬಿಟ್ಟರೆ ಬಾಗಿಲನ್ನು ಎಳೆದು ಮುಚ್ಚುತ್ತಿತ್ತು. ಹಾವು ಮೂಗು ಜಜ್ಜಿಸಿಕೊಂಡು ಹೋಯಿತು.

"ಎರಡು ತಲೆಯ ಹುಲಿ ಎಳೆಯೋ ಗಾಡಿಯಲ್ಲಿ, ಈ ಬಂಡೆಗಳ ಮೇಲೆ, ಗಾಜಿನ ಕೊಡ ಒಡೆಯದೆ ತಾ!"

ಮಾಳವ್ವ ಬಾಗಿದ ಉಕ್ಕಿನ ಪಟ್ಟಿಗಳನ್ನು ಉದ್ದದ್ದರ ಕೆಳಗೆ ಗಿಡ್ಡದ್ದು ಬರುವಂತೆ ಜೋಡಿಸಿ ಗಾಡಿಯ ಅಡಿಗೆ ಕಟ್ಟಿದಳು. ಹುಲಿ ಓಡಿತು. ಚಕ್ರ ಎಗರಿತು, ಪಟ್ಟಿ ಬಾಗಿತು, ಕೊಡ ಒಡೆಯಲಿಲ್ಲ.

ಮಾಂತ್ರಿಕನಿಗೆ ಮೈಯೆಲ್ಲ ಉರಿಯಿತು. "ಗಂಡನ್ನ ಕೊಡಲ್ಲ ಹೋಗು! ಮೊದಲು ಮಾಡಿದ್ಯಲ್ಲ, ಅದು ನಿಜಕ್ಕೂ ಗಟ್ಟಿ ಅಂತ ಏನು ಗ್ಯಾರಂಟಿ?"

ಮಾಳವ್ವ ಆ ಸ್ಪ್ರಿಂಗನ್ನು ಅವನ ಮುಂದೆ ತಂದಿಟ್ಟಳು. ಕುಲುಮೆಯ ಮಾತು ಬಾಯಿಗೆ ತಾನಾಗಿ ಬಂತು. "ನಮ್ಮಲ್ಲಿ ಕೊಳ್ಳೋರೇ ಮೂರು ಸಲ ತುಳಿದು ನೋಡ್ಬೇಕು ಸ್ವಾಮಿ."

ಮಾಂತ್ರಿಕ ಹತ್ತಿ ತುಳಿದ. ಮುರಿಯಲಿಲ್ಲ. ಮಂತ್ರ ಹೇಳಿ ಕಲ್ಲಾನೆಯ ಭಾರ ಮೈಮೇಲೆ ಕರೆದುಕೊಂಡು ತುಳಿದ. ಮುರಿಯಲಿಲ್ಲ. ಹಲ್ಲು ಕಚ್ಚಿ, ಇಡೀ ಬೆಟ್ಟದ ಭಾರ ಕರೆದುಕೊಂಡು ತುಳಿದ. ಸ್ಪ್ರಿಂಗು ನೆಲಕ್ಕಂಟಿತು. ಅಷ್ಟು ಭಾರ ಹೊತ್ತು ಏದುಸಿರು ಬಿಡುವಾಗ ಮಂತ್ರ ಅವನ ಬಾಯಿಂದ ಜಾರಿತು. ಭಾರ ಮಾಯವಾಯಿತು, ಸ್ಪ್ರಿಂಗು ಎದ್ದಿತು. ದಂಡಕೇತು ಏಳು ಸಮುದ್ರದಾಚೆ ಹೋಗಿ ಬಿದ್ದ.

ಅವನ ಮಾಯೆಯೂ ಅವನ ಜೊತೆಗೇ ಹೋಯಿತು. ಕಬ್ಬಿಣದ ಗೊಂಬೆ ಕಣ್ಣು ಮಿಟುಕಿಸಿತು.

"ನೀರಿಗೆ ಅದ್ದಿಬಿಟ್ಟೆ ಕಣೇ" ಎಂದ ಬೈಲಪ್ಪ, ತಲೆ ತಗ್ಗಿಸಿ.

"ಗೊತ್ತು ಕಣ್ರೀ" ಎಂದು ಮಾಳವ್ವ ಅವನನ್ನು ಬಿಗಿಯಾಗಿ ತಬ್ಬಿಕೊಂಡಳು.

ಅಂದಿನಿಂದ ಕಿಡಿಗಿರಿಯಲ್ಲಿ ಎಲ್ಲರೂ ನಕ್ಕು ನಲಿದು ಬಾಳಿದರು. ಬೈಲಪ್ಪನಂತೂ ಸ್ನಾನಕ್ಕೆ ಬಿಟ್ಟರೆ ನೀರಿನ ಹತ್ತಿರ ಸುಳಿಯಲಿಲ್ಲ.