ಕಿವಿಯಿಲ್ಲದ ತಲೆ

"ಇದಕ್ಕೆ ಕಿವಿ ಮಾತ್ರ ಇಡಬೇಡ ಕಣಪ್ಪ. ಇನ್ನೇನು ಬೇಕಾದ್ರೂ ಮಾಡ್ಕೋ," ಅಂದಳು ಗುಜರಿ ಅಂಗಡಿಯವಳು.

ಅವಳ ಕೈಯಲ್ಲಿದ್ದದ್ದು ಮರದ ತಲೆ. ಕಣ್ಣು, ಮೂಗು, ಬಾಯಿ ಎಲ್ಲ ಇತ್ತು. ಕಿವಿಯ ಜಾಗದಲ್ಲಿ ಬರೀ ತೂತು.

"ಮಾಟಕ್ಕೆ ಕೆತ್ತಿಸಿದ್ದು. ಯಾರ ಕಿವಿಯ ಅಚ್ಚು ಇಡ್ತೀಯೋ, ಇದಕ್ಕೆ ಮಾಡಿದ್ದೆಲ್ಲ ಅವರಿಗೆ ತಟ್ಟುತ್ತೆ. ಕೆತ್ತಿಸಿದವನು ಸತ್ತು ಎಷ್ಟೋ ಕಾಲ ಆಯ್ತು. ಆದ್ರೂ ಕಿವಿ ಇಟ್ರೆ ಮಾಟ ಮುಗಿಸೋಕೆ ಹುಡುಕ್ಕೊಂಡು ಬರ್ತಾನೆ."

"ಬರಲಿ ಬಿಡಮ್ಮ, ಬೆಸುಗೆ ಹಾಕೋಕೆ ಒಂದು ಕೈ ಆಗುತ್ತೆ," ಎಂದು ಅವನು ನಕ್ಕು, ತಲೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ.

ಅವನು ಕಟ್ಟಹೊರಟಿದ್ದು ಎರಡು ಕಿವಿಯ ಮೈಕು. ತಲೆಯ ಕಿವಿಗಳಲ್ಲಿ ಒಂದೊಂದು ಪುಟ್ಟ ಮೈಕು ಕೂರಿಸಿದರೆ, ಸದ್ದು ಎಡದಿಂದ ಬಂತೋ ಬೆನ್ನ ಹಿಂದಿನಿಂದ ಬಂತೋ ಕೇಳುವವನಿಗೆ ಗೊತ್ತಾಗುತ್ತದೆ. ಕಿವಿ ಹುಡುಕಿಕೊಂಡು ದೂರ ಹೋಗಲಿಲ್ಲ. ಅಕ್ಕ ಹಾರ್ಮೋನಿಯಂ ರಿಪೇರಿಯವಳು. ಸ್ವರ ಕೂದಲೆಳೆಯಷ್ಟು ಜಾರಿದರೂ ಹಿಡಿಯುವವಳು. ಮನೆ ನಡೆಯುತ್ತಿದ್ದದ್ದೇ ಆ ಕಿವಿಗಳಿಂದ. ಅವುಗಳದೇ ಅಚ್ಚು ತೆಗೆದು, ರಬ್ಬರು ಹೊಯ್ದು, ತಲೆಗೆ ಅಂಟಿಸಿದ.

ಮಧ್ಯಾಹ್ನ. ಬೀದಿಯ ಗಲಾಟೆ ಬಾರದಿರಲೆಂದು ಕಿಟಕಿಗೆಲ್ಲ ಕಂಬಳಿ ಹೊದಿಸಿದ್ದ. ಅಂಟಿನ ವಾಸನೆ, ಹಳೇ ಮರದ ಮುಗ್ಗು ವಾಸನೆ. ಹೆಡ್‌ಫೋನಿನಲ್ಲಿ ತಲೆಯ ಬಲಗಿವಿಯ ಸದ್ದು ಚೆನ್ನಾಗಿ ಕೇಳುತ್ತಿತ್ತು. ಎಡಗಿವಿಯಲ್ಲಿ ಮಾತ್ರ ಗುಂಯ್ ಎನ್ನುವ ಸದ್ದು. ಫ್ಯಾನ್ ನಿಲ್ಲಿಸಿದ, ಟ್ಯೂಬ್‌ಲೈಟ್ ಆರಿಸಿದ. ಕೋಣೆ ಬಾವಿಯ ತಳದಂತೆ ಕಪ್ಪಾಯಿತು. ಗುಂಯ್ ಹೋಗಲಿಲ್ಲ. ಮೈಕಿನ ಬ್ಯಾಟರಿ ಕಿತ್ತ.

ಪಕ್ಕದ ಕೋಣೆಯಲ್ಲಿ ಹಾರ್ಮೋನಿಯಂ ತಟ್ಟನೆ ನಿಂತಿತು.

"ಲೋ, ಎರಡೂ ಕಿವಿ ಗಪ್ಪಂತ ಮುಚ್ಕೊಂಡ್ವು ಕಣೋ!"

"ವಯಸ್ಸಾಯ್ತಕ್ಕ!"

ಬ್ಯಾಟರಿ ಮತ್ತೆ ಹಾಕಿದ.

"ಹ್ಞಾ, ಬಂತು. ಆದ್ರೆ ನನ್ನ ಹಾರ್ಮೋನಿಯಂ ನನಗೇ ಗೋಡೆಯಾಚೆಯಿಂದ ಕೇಳ್ದಂಗಿದೆ."

ಅವನಿಗೆ ತನ್ನ ಗುಂಯ್‌ನದೇ ಚಿಂತೆ. ಎಡಗಿವಿಯೊಳಗೆ ಬೆಸುಗೆ ಬಿಟ್ಟಿರಬೇಕು. ಮೊಬೈಲ್ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ, ಕಾದ ಸಾಲ್ಡರಿಂಗ್ ಐರನ್ನನ್ನು ತೂತಿನೊಳಗೆ ತೂರಿಸಿದ.

ಚುರ್ರೆಂದಿತು. ರಬ್ಬರಿನ ವಾಸನೆಯಲ್ಲ. ಕೂದಲು ಸುಟ್ಟ ವಾಸನೆ. ಮಾಂಸ ಸುಟ್ಟ ವಾಸನೆ.

ಅಕ್ಕ ಚೀರಿದಳು.

ಐರನ್ನನ್ನು ಮೇಜಿನ ಮೇಲಿನ ಸ್ಪ್ರಿಂಗ್ ಸ್ಟ್ಯಾಂಡಿಗೆ ಸಿಕ್ಕಿಸಿ ಓಡಿದ. ಮೊಬೈಲು ಎಲ್ಲೋ ಬಿತ್ತು. ಅವಳು ನೆಲದ ಮೇಲಿದ್ದಳು. ಎಡಗಿವಿ ಮುಚ್ಚಿದ ಬೆರಳುಗಳ ಸಂದಿಯಿಂದ ಹೊಗೆ.

"ಅಕ್ಕಾ! ಅಕ್ಕಾ!"

ಮುಖದೆದುರೇ ಕೂಗುತ್ತಿದ್ದ ಅವನನ್ನು ನೋಡಿ ಅವಳು ಅತ್ತಳು. "ಹತ್ತಿರ ಬಂದು ಹೇಳೋ. ದೂರ ಎಲ್ಲೋ ಕೇಳಿಸ್ತಿದೆ."

ಅವನಿಗೆ ಆಗ ತಿಳಿಯಿತು. ಅವಳು ಕೇಳುತ್ತಿದ್ದದ್ದು ಮರದ ತಲೆಯ ಕಿವಿಯಿಂದ. ಕತ್ತಲ ಕೋಣೆಗೆ ಮರಳಿ ಓಡಿ, ತಡಕಾಡಿ, ಮರದ ತಲೆಯ ಬಲಗಿವಿಗೆ ತುಟಿ ಹಚ್ಚಿದ.

"ಅಕ್ಕಾ?"

"ಈಗ ಕೇಳಿಸ್ತು," ಗೋಡೆಯಾಚೆಯಿಂದ ಬಂತು. "ಜೊತೆಗೆ ಯಾರೋ ಇದಾರಲ್ಲೋ? ಉಸಿರು ಕೇಳಿಸ್ತಿದೆ."

ಉಸಿರು ಬಿಗಿಹಿಡಿದ. ಆಮೇಲೆ ಪಿಸುಗುಟ್ಟಿದ. "ಅದು ನಂದೇ ಇರ್ಬೇಕು."

"ನಿಂದಲ್ಲ. ನೀನು ನಿಲ್ಲಿಸಿದ್ಮೇಲೂ ಕೇಳಿಸ್ತು."

"ಯಾವ ಕಡೆ ಅಕ್ಕಾ? ಎಡಕ್ಕಾ? ಬಲಕ್ಕಾ?"

ಅವಳು ಬಿಕ್ಕಿದಳು. "ಗೊತ್ತಾಗ್ತಿಲ್ಲ ಕಣೋ. ಒಂದೇ ಕಿವಿ ಉಳಿದಿರೋದು."

ಮೇಜಿನ ಮೇಲೆ ಸ್ಟ್ಯಾಂಡಿನ ಸ್ಪ್ರಿಂಗ್ ಕಿಣ್ಣೆಂದಿತು. ಯಾರೋ ಐರನ್ ಎತ್ತಿಕೊಂಡರು.

ಅವನು ತಲೆಯನ್ನು ಎದೆಗವಚಿಕೊಂಡ. ಬಲಗಿವಿಯ ತೂತಿನ ಮೇಲೆ ಅಂಗೈ ಒತ್ತಿ ಹಿಡಿದ. ಕಾವು ಹತ್ತಿರ ಬಂತು. ಇನ್ನೂ ಹತ್ತಿರ. ಕೈಯ ಹಿಂಬದಿಯ ರೋಮ ಸುಡುವ ವಾಸನೆ ಮೂಗಿಗೆ ಬಂತು.

ಕೈ ತೆಗೆಯಲಿಲ್ಲ.