ಕಣ್ಣು ಬಿಟ್ಟುಕೊಂಡು ಹೆದರುವುದು

ಲಕ್ಷ್ಮೀದೇವಮ್ಮ ಬಂದವನನ್ನು ಒಳಗೆ ಕರೆದು, ಮನೆಯಲ್ಲಿದ್ದ ಒಂದೇ ಒಂದು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ, ಖಾರಾಬೂಂದಿ ತಟ್ಟೆಯನ್ನು ಮುಂದಿಟ್ಟರು. ಮಗಳು ಸುಷ್ಮಾಳನ್ನು ನೋಡಲು ಕುಂದುರ್ಪಿಯಿಂದ ಗಂಡಿನ ಕಡೆಯವರು ಆ ಭಾನುವಾರವೇ ಬರುವವರಿದ್ದರು. ಬಂದವನ ಬೂಟಿಗೆ ಪಾಲಿಶ್ ಬಿದ್ದಿತ್ತು, ಹಣೆ ಬೆವರಿತ್ತು. ಅತ್ತೆಯಾಗಲು ಹೊರಟವರಿಗೆ ಇನ್ನೇನು ಗುರುತು ಬೇಕು?

"ಒಬ್ರೇ ಬಂದ್ರೇನಪ್ಪ? ದೊಡ್ಡೋರು ಯಾರೂ ಬರ್ನಿಲ್ವಾ?"

"ಇಲ್ಲಮ್ಮ. ದೊಡ್ಡೋರಿಗೆ ಹೇಳಿದ್ರೆ ಬ್ಯಾಡ ಅಂತಾರೆ."

ಈಗಿನ ಕಾಲದವನು ಎಂದುಕೊಂಡರು ಲಕ್ಷ್ಮೀದೇವಮ್ಮ. ಹೇಗೂ ಗೊತ್ತಾಗುವ ವಿಷಯವನ್ನು ತಾವೇ ಮೊದಲು ಹೇಳಿಬಿಡೋಣ ಎಂದು ಗಂಟಲು ಸರಿಮಾಡಿಕೊಂಡರು. "ನಮ್ಮುಡುಗಿ ಸ್ಕೂಲ್ನಾಗೆ ಡ್ರಿಲ್ ಮೇಡಂ. ಬಾಯಿ ಜೋರಿಲ್ಲ. ಕೈ ಮಾತ್ರ ಒಸಿ ಜೋರು."

"ಅದ್ಕೇ ಬಂದಿದ್ದು ಕಣಮ್ಮ. ಅವ್ರ ಕೈಲಿ ಹೊಡಿಸ್ಕೊಳಾನ ಅಂತ."

"ಮದ್ವೆಗೆ ಮುಂಚೇನಾ?"

ಒಳಬಾಗಿಲ ಹಿಂದೆ ರೇಷ್ಮೆ ಸೀರೆಯಲ್ಲಿ ಬೆವರುತ್ತಿದ್ದ ಸುಷ್ಮಾ ನಗು ತಡೆಯಲಾರದೆ ಹೊರಗೆ ಬಂದಳು. ಬಂದವನು ಕುರ್ಚಿಯಿಂದ ಎದ್ದ. ತಟ್ಟೆ ಬಿತ್ತು. ಬೂಂದಿ ಆರಿಸಲು ಬಗ್ಗಿದಾಗ ಅವನ ಚೀಲದಿಂದ ಒಂದು ಜೊತೆ ಬಾಕ್ಸಿಂಗ್ ಗ್ಲೌಸೂ ಬಿದ್ದವು. ಅವನು ನೆಲದಿಂದಲೇ ತಲೆಯೆತ್ತಿ ಅವಳನ್ನು ನೋಡಿದ. ಮಲ್ಲಿಗೆ ದಂಡೆಯಿಂದ ಶುರುವಾದ ನೋಟ ಅವಳ ಗಟ್ಟಿಯಾದ ಬೆರಳಗಂಟುಗಳ ಮೇಲೆ ಬಂದು, ಸರಿಯಾದ ವಿಳಾಸಕ್ಕೆ ಬಂದಿದ್ದೇನೆ ಎಂಬಂತೆ ನಿಂತಿತು.

ಕುಂದುರ್ಪಿಯವರು ಮಧ್ಯಾಹ್ನ ಬಂದರು. ಅವರೂ ಅದೇ ಗಂಟುಗಳನ್ನು ನೋಡಿದರು. ಊರಿಗೆ ಹೋಗಿ ಹೇಳಿಕಳಿಸುತ್ತೇವೆ ಎಂದು ಹೋದವರು ಹೇಳಿಕಳಿಸಲಿಲ್ಲ.

ಬಂದವನ ಹೆಸರು ಮುರಳಿಕೃಷ್ಣ. ಹಿಂದೂಪುರದಲ್ಲಿ ಕರಾಟೆ ಮಾಸ್ಟರು. ಟಿವಿಯಲ್ಲಿ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ನೋಡಿ ತಲೆ ಕೆಡಿಸಿಕೊಂಡ ಆ ವರ್ಷಗಳ ಹುಡುಗರಲ್ಲಿ ಅವನೂ ಒಬ್ಬ. ನಿಂತಾಗ ಹೊಡೆದಾಟ, ಬಿದ್ದಮೇಲೆ ಕುಸ್ತಿ. ಬೆಂಗಳೂರಿನಲ್ಲಿ ಅಂಥದೊಂದು ಪಂದ್ಯ ನಿಗದಿಯಾಗಿತ್ತು. ಕುಸ್ತಿಯ ಪಾಲನ್ನು ಹಳೆಯ ಪೈಲ್ವಾನ ಓಬುಳಪತಿ ಹಿಂದೂಪುರದಲ್ಲೇ ಮಗ್ಗ ನಿಂತುಹೋದ ಒಂದು ಶೆಡ್ಡಿನಲ್ಲಿ ಹೇಳಿಕೊಡುತ್ತಿದ್ದ. ಹೊಡೆತದ ಪಾಲಿಗೆ ಮಾತ್ರ ಅವನದು ಒಂದೇ ಮಾತು. "ಯಾವುದಾದ್ರೂ ಒಂದು ವಿದ್ಯೆ ಹಿಡ್ಕೋ ಮಾಸ್ಟ್ರು. ನಿನ್ ಕರಾಟೆ ಫೋಟೋಕ್ ಚೆನ್ನಾಗೈತೆ."

ಮಾತಿನಲ್ಲಿ ಸತ್ಯವಿತ್ತು. ಮುರಳಿ ಆಡುತ್ತಿದ್ದ ಕರಾಟೆಯಲ್ಲಿ ಮುಷ್ಟಿ ಮೂಗಿನ ಹತ್ತಿರ ಬಂದು ನಿಂತರೆ ಪಾಯಿಂಟು, ಮೂಗಿಗೆ ತಗುಲಿದರೆ ತಪ್ಪು. ಜಿಲ್ಲೆಯ ಕಪ್‌ಗಳನ್ನೆಲ್ಲ ಗೆದ್ದವನ ಮುಖ ಅಂಗಡಿಯಿಂದ ಆಗತಾನೇ ತಂದ ಹಾಗಿತ್ತು. ಉಳಿದ ದಾರಿ ಎರಡು. ಥಾಯ್ ಬಾಕ್ಸಿಂಗ್ ಕಲಿಯಲು ಬೆಂಗಳೂರಿನಿಂದ ತಂದ ಒಂದು ಸಿಡಿ ಇತ್ತು. ಅದರಲ್ಲಿ ಆಡುವ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಬಾಕ್ಸಿಂಗ್ ಕಲಿಯಲು ಕಲ್ಯಾಣದುರ್ಗದ ಸುಷ್ಮಾ ಇದ್ದಳು. ಸ್ಪೋರ್ಟ್ಸ್ ಹಾಸ್ಟೆಲಿನಲ್ಲಿದ್ದು ಬಾಕ್ಸಿಂಗ್ ಆಡಿ, ಯಾಕೋ ಬಿಟ್ಟುಬಂದವಳು.

"ಒಂದಿಷ್ಟು ದಿನ ನೋಡ್ತೀನಿ. ಆಮ್ಯಾಕೆ ಯಾವುದು ಹಿಡೀಬೇಕು ಅಂತ ನೀವೇ ಹೇಳಿ ಮೇಡಂ," ಎಂದ.

ಪ್ರತಿ ಭಾನುವಾರ ಪಾವಗಡದ ಮೇಲಿಂದ ಬಸ್ಸು ಹಿಡಿದು ಬರುತ್ತಿದ್ದ. ಸ್ಕೂಲಿನ ಊಟದ ಶೆಡ್ಡಿನಲ್ಲಿ ಗೋಣಿಚೀಲಕ್ಕೆ ಮರಳು, ಕಡ್ಲೆಕಾಯಿ ಹೊಟ್ಟು ತುಂಬಿ ತೂಗುಹಾಕಿದ್ದರು. ಬಾಗಿಲಲ್ಲಿ ಲಕ್ಷ್ಮೀದೇವಮ್ಮ ಮೊರ ಮಡಿಲಲ್ಲಿಟ್ಟುಕೊಂಡು ಕಡ್ಲೆಕಾಯಿ ಸುಲಿಯುತ್ತ ಕಾವಲು ಕೂರುತ್ತಿದ್ದರು. ಇಬ್ಬರ ನಡುವೆ ಇರಬೇಕಾದ ದೂರದ ಬಗ್ಗೆ ಅವರಿಗೂ ಬಾಕ್ಸಿಂಗ್ ಶಾಸ್ತ್ರಕ್ಕೂ ಒಮ್ಮತವಿರಲಿಲ್ಲ.

"ನನ್ ಹೆಗಲು ನೋಡಿ," ಎಂದಳು ಸುಷ್ಮಾ. "ಮುಷ್ಟಿ ಹೊರಡೋಕೆ ಮುಂಚೆ ಹೆಗಲು ಹೇಳ್ತದೆ."

ಮುರಳಿ ಅವಳ ಕಾಲಬೆರಳು ನೋಡಿದ. ಬಾಗಿಲಲ್ಲಿ ತಾಯಿ ಕೂತಿರುವಾಗ ಮಗಳ ಕತ್ತಿನ ಕೆಳಗೆ ಕಣ್ಣಿಡುವುದು ಹೇಗೆ? ಮರ್ಯಾದೆಯಿಂದ ನೆಲ ನೋಡುತ್ತ ನಿಂತವನ ಮೂಗಿಗೆ ಎಡಗೈ ಬಿತ್ತು.

"ಎಲ್ಲಿ ನೋಡ್ತೀರಿ? ನೆಲದಾಗೆ ಏನೈತೆ?"

"ನಿಮ್ಮಮ್ಮ ಅವ್ರೆ."

"ಅಮ್ಮ, ಒಸಿ ಅತ್ಲಾಗೆ ತಿರುಗು."

"ನಾನ್ಯಾಕೆ ತಿರುಗ್ಲಿ? ಕಲಿಯೋನು ಕಣ್ಣು ಮುಚ್ಕಂಡವ್ನೆ ನೋಡು!"

ಅದು ನಿಜವಾಗಿತ್ತು. ಸುಷ್ಮಾಳ ನಗು ಅಲ್ಲಿಗೇ ನಿಂತಿತು. ಮುಷ್ಟಿ ಬರುವ ಕ್ಷಣದಲ್ಲಿ ಮುರಳಿಯ ಕಣ್ಣು ಮುಚ್ಚುತ್ತಿತ್ತು. ಮೆಲ್ಲಗೆ ಹೊಡೆದರೂ ಮುಚ್ಚುತ್ತಿತ್ತು. ಹೊಡೆಯುತ್ತೇನೆ ಎಂದು ಹೇಳಿ ಹೊಡೆದರೂ ಮುಚ್ಚುತ್ತಿತ್ತು. ಇನ್ನೊಂದು ರೋಗವೂ ಇತ್ತು. ತಾನು ಒಂದು ಒಳ್ಳೆಯ ಏಟು ಕೊಟ್ಟ ಕೂಡಲೇ ಹಿಂದೆ ಸರಿದು, ಕೈ ಇಳಿಸಿ, ನಿಂತುಬಿಡುತ್ತಿದ್ದ.

"ಯಾಕೆ ನಿಂತ್ರಿ?"

"ಪಾಯಿಂಟ್ ಆಯ್ತಲ್ಲ."

"ಅಲ್ಲಿ ಪಾಯಿಂಟ್ ಅಂತ ಕೂಗಿ ನಿಲ್ಸೋರು ಯಾರೂ ಇರಾಕಿಲ್ಲ ಮಾಸ್ಟ್ರೇ. ನೀವು ನಿಂತ್ರೆ ಅವ್ನು ನಿಲ್ತಾನಾ?"

ಆ ಸಂಜೆ ಮಕ್ಕಳ ವಾಲಿಬಾಲ್ ಎಣಿಸಿಡುತ್ತಿದ್ದ ಸುಷ್ಮಾಳಿಗೆ ಎಣಿಕೆ ತಪ್ಪಿತು. ಹಾಸ್ಟೆಲಿನಲ್ಲಿ ಅವಳ ಪಕ್ಕದ ಮಂಚದ ಕೊಂಡಮ್ಮ ಎಂಬ ಹುಡುಗಿ ಒಂದು ಪಂದ್ಯದಲ್ಲಿ ಕಣ್ಣು ಮುಚ್ಚಿ ಏಟು ತಿಂದಿದ್ದಳು. ಎದ್ದು ಕೂತು, ನೀರು ಕುಡಿದು, ಸುಷ್ಮಾಳನ್ನೇ "ನೀವ್ಯಾರು?" ಎಂದು ಕೇಳಿದ್ದಳು. ಸಾಯಂಕಾಲದವರೆಗೂ ಕೇಳುತ್ತಲೇ ಇದ್ದಳು. ಆಮೇಲೆ ಅವಳಿಗೆ ಸರಿಹೋಯಿತು. ಸುಷ್ಮಾಳಿಗೆ ಸರಿಹೋಗಲಿಲ್ಲ. ರಿಂಗಿನ ಹಗ್ಗ ಕಂಡರೆ ಬಾಯಿ ಒಣಗತೊಡಗಿತು. ಮದುವೆ ಮಾಡುತ್ತಾರೆ ಎಂದು ಹೇಳಿ ಮನೆಗೆ ಬಂದಳು.

ಹೆದರಿಕೆ ಮುಗಿಯಿತು ಎಂದುಕೊಂಡಿದ್ದಳು. ಈಗ ಅದು ಪ್ರತಿ ಭಾನುವಾರ ಬಸ್ಸಿಳಿದು ಬರುತ್ತಿತ್ತು. ಬೂಟಿಗೆ ಪಾಲಿಶ್ ಹಾಕಿಕೊಂಡು.

ಅಮ್ಮ ನೀರಿಗೆ ಎದ್ದುಹೋದಾಗ ಒಮ್ಮೆ ಹೇಳಿದಳು. "ಪಂದ್ಯಕ್ಕೆ ಹೆಸ್ರು ಕೊಡಬ್ಯಾಡಿ."

"ಹೆದ್ರಿಕೊಂಡ ಅಂತಾರೆ."

"ಹೆದ್ರಿದೀರಲ್ಲ."

"ಹೂಂ." ಅವನು ಗ್ಲೌಸಿನ ದಾರವನ್ನು ಹಲ್ಲಿನಿಂದ ಬಿಚ್ಚುತ್ತ ಅವಳನ್ನು ನೋಡಿದ. ಈ ಸಲ ನೇರವಾಗಿ, ಹೆಗಲಿಗಿಂತ ಮೇಲೆ. "ಅದು ನಿಮಗೊಬ್ರಿಗೇ ಗೊತ್ತು."

ಅವಳೇ ನೆಲ ನೋಡಿದಳು.

ಅವನು ಹೆಸರು ಕೊಡಲು ಹೊರಟ. ಅದಕ್ಕೆ ಮೊದಲು ಓಬುಳಪತಿ ತನ್ನ ಶೆಡ್ಡಿನಲ್ಲೇ ಒಂದು ಪರೀಕ್ಷೆ ಇಟ್ಟ. ಎದುರಾಳಿ ಸೆಟ್ಟೂರಿನ ರಾಮಾಂಜಿನೇಯ. ಲಾರಿಗೆ ಮೂಟೆ ಹೇರುವ ತೋಳು. ಥಾಯ್ ಬಾಕ್ಸಿಂಗ್ ಸಿಡಿಯನ್ನು ಮಾತು ತಿಳಿಯದಿದ್ದರೂ ನಂಬಿದ ಏಕೈಕ ಭಕ್ತ.

"ಸ್ಕೂಲಿಗೆ ವಾಲಿಬಾಲ್ ನೆಟ್ ತರ್ಬೇಕು, ಹಿಂದೂಪುರಕ್ಕೆ ಹೋಯ್ತೀನಿ," ಎಂದಳು ಸುಷ್ಮಾ.

"ನೆಟ್ ತರಾಕೆ ಅಷ್ಟುದ್ದ ಹೂವ್ಯಾಕೆ?" ಎಂದರು ಲಕ್ಷ್ಮೀದೇವಮ್ಮ. ಆದರೆ ತಡೆಯಲಿಲ್ಲ.

ಶೆಡ್ಡಿನಲ್ಲಿ ರಿಂಗಿನಂತೆ ಕಟ್ಟಿದ್ದ ಹಗ್ಗದಿಂದ ಅವಳು ಎರಡು ಮಾರು ದೂರವೇ ನಿಂತಳು. ಮುರಳಿ ಅವಳನ್ನು ಕಂಡು ಹುಬ್ಬೇರಿಸಿದ. ಆ ಹುಬ್ಬಿನಲ್ಲಿ ಆಶ್ಚರ್ಯ, ಸಂತೋಷ ಎರಡೂ ಇದ್ದವು. ಎದುರಾಳಿಯ ಕಡೆಗೆ ಗಮನ ಒಂದು ಮಾತ್ರ ಇರಲಿಲ್ಲ.

"ಈಕಡೆ ಅಲ್ಲ! ಹೆಗಲು!" ಎಂದು ಕಿರುಚಿದಳು.

ಅವನು ಹೆಗಲು ನೋಡಿದ. ರಾಮಾಂಜಿನೇಯನ ಮೊದಲ ಮುಷ್ಟಿ ಕಿವಿಯ ಪಕ್ಕದಲ್ಲಿ ಹೋಯಿತು. ಎರಡನೆಯದೂ ಹೋಯಿತು. ಮುರಳಿ ಸೊಂಟ ತಿರುಗಿಸಿ ಪಕ್ಕೆಗೆ ಒದ್ದ ಒದೆ ಎಷ್ಟು ಚಂದವಿತ್ತೆಂದರೆ ಓಬುಳಪತಿಯೇ "ಶಭಾಷ್ ರಾ!" ಎಂದ.

ಮುರಳಿ ಎರಡು ಹೆಜ್ಜೆ ಹಿಂದೆ ಸರಿದ. ಕೈ ಇಳಿಸಿದ. ನಿಂತ.

ರಾಮಾಂಜಿನೇಯನ ಬಲಗೈಯನ್ನೂ ಮುರಳಿಯ ಮುಚ್ಚಿದ ಕಣ್ಣನ್ನೂ ಸುಷ್ಮಾ ಒಟ್ಟಿಗೇ ಕಂಡಳು. ಅವನು ಮೂಟೆ ಬಿದ್ದ ಹಾಗೆ ಬಿದ್ದ.

ಹಗ್ಗ ಹೇಗೆ ದಾಟಿದಳೋ ಅವಳಿಗೇ ತಿಳಿಯದು. "ಮುರಳಿ! ಕಣ್ಣು ಬಿಡಿ. ಎಲ್ಲಿದ್ದೀರಿ ಹೇಳಿ?"

"ಹಿಂದೂಪುರ."

"ಅಮ್ಮನ ಹೆಸ್ರು?"

"ಉಡುಸಲಮ್ಮ."

"ನಾನ್ಯಾರು?"

ಅವನು ನೋಡಿದ. ನೋಡುತ್ತಲೇ ಇದ್ದ. ಶೆಡ್ಡಿನ ತಗಡು ಬಿಸಿಲಿಗೆ ಟಿಕ್ ಟಿಕ್ ಎನ್ನುತ್ತಿತ್ತು. ಕೊಂಡಮ್ಮನ ಖಾಲಿ ಕಣ್ಣು ನೆನಪಾಗಿ, ದೇವರೇ ಇವನದು ಹಾಗಾಗದಿರಲಿ, ಇವನು ನನ್ನನ್ನು ಮರೆಯದಿರಲಿ ಎಂದು ಬೇಡಿಕೊಂಡಳು. ಬೇಡಿಕೊಂಡ ಮೇಲೆಯೇ ಅದರಲ್ಲಿ ಎರಡನೆಯದು ಬರೀ ಕಲಿಸುವವಳ ಬೇಡಿಕೆಯಲ್ಲ ಎಂದು ಅವಳಿಗೆ ಹೊಳೆದದ್ದು.

"ಅದನ್ನ ನೀವೇ ಹೇಳ್ಬೇಕು," ಎಂದ ಮುರಳಿ. "ನಂಗೆ ಯಾರಾಗ್ಬೇಕು ಅಂತ."

"ಬುರ್ರ ಬಾಗನೇ ಉಂದಿ," ಎಂದ ಓಬುಳಪತಿ. ತಲೆಗೇನೂ ಆಗಿಲ್ಲ ಎಂದು ಮಂಜುಗಡ್ಡೆ ತರಿಸಿದ.

ಸುಷ್ಮಾ ಎದ್ದು, ನೆಟ್ಟೂ ಕೊಳ್ಳದೆ ಬಸ್ ಸ್ಟ್ಯಾಂಡಿಗೆ ನಡೆದಳು. ಕಲ್ಯಾಣದುರ್ಗದ ಬಸ್ಸು ಹತ್ತಿ ಕಿಟಕಿಯ ಬದಿ ಕೂತಳು. ದವಡೆಗೆ ಟವಲಿನ ಮಂಜುಗಡ್ಡೆ ಒತ್ತಿಕೊಂಡು ಮುರಳಿಯೂ ಬಸ್ಸಿನೊಳಗೆ ಬಂದು ನಿಂತ.

"ತಮಾಷೆ ಮಾಡಿದ್ದು ತಪ್ಪಾಯ್ತು."

"ಎಂಥ ತಮಾಷೆ ಅದು? ನನ್ ಜೀವ ಹೋಗಿತ್ತು." ಕೊಂಡಮ್ಮನ ಕಥೆಯನ್ನು ಮೊದಲ ಸಲ ಒಬ್ಬರ ಮುಂದೆ ಹೇಳಿದಳು. ತಾನು ಬಾಕ್ಸಿಂಗ್ ಬಿಟ್ಟದ್ದು ಮದುವೆಗಲ್ಲ, ಭಯಕ್ಕೆ ಎಂದಳು. "ಯಾರ್ಯಾರೋ ಬಿದ್ದಿದ್ದು ನೋಡೀನಿ. ಇವತ್ತು ನನ್ ಕಾಲೇ ನಿಲ್ನಿಲ್ಲ."

"ಯಾಕೆ?"

"ಗೊತ್ತಿದ್ದು ಕೇಳ್ತೀರೋ, ಗೊತ್ತಿಲ್ದೆ ಕೇಳ್ತೀರೋ?"

"ಗೊತ್ತಿದ್ದು. ಆದ್ರೂ ಹೇಳಿ."

"ನೀವಂದ್ರೆ ಇಷ್ಟ. ಅದ್ಕೇ ಭಯ. ಸಾಕಾ?"

ಮುಂದಿನ ಸೀಟಿನ ಮುದುಕ ತಿರುಗಿ ನೋಡಿ, ಮರ್ಯಾದೆಯಿಂದ ಕಿವಿ ಮಾತ್ರ ಇಲ್ಲಿಟ್ಟು ಮುಖ ಆಚೆ ತಿರುಗಿಸಿಕೊಂಡ. ಮುರಳಿಯ ಟವಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹಂಗಾದ್ರೆ ಎಲ್ಲಾ ಬುಟ್ಬುಡ್ತೀನಿ. ಪಂದ್ಯನೂ ಬ್ಯಾಡ, ಏನೂ ಬ್ಯಾಡ."

"ಬ್ಯಾಡ. ನನ್ ಭಯದ ಹೆಸ್ರು ಹೇಳ್ಕಂಡು ನೀವು ಓಡ್ಬ್ಯಾಡಿ. ಓಡಿದ್ರೆ ಏನಾಯ್ತದೆ ಅಂತ ನಂಗೊತ್ತು." ಕಣ್ಣೊರೆಸಿಕೊಂಡಳು. "ಈ ಸಲ ಹೆಸ್ರು ಕೊಡಬ್ಯಾಡಿ. ಮುಂದಿನ ವರ್ಷ ನೋಡಾನ. ಯಾವ ವಿದ್ಯೆ ಹಿಡಿತೀರಿ, ಅದನ್ನ ಮೊದ್ಲು ಹೇಳಿ."

"ಬಾಕ್ಸಿಂಗು."

"ನಾನಿದೀನಿ ಅಂತಾನಾ?"

"ಹೂಂ. ಕರಾಟೆನಾಗೆ ಎಲ್ರೂ ನನ್ನ ಮಾಸ್ಟ್ರು ಅಂತಾರೆ, ಹೆದರಂಗಿಲ್ಲ. ನಿಮ್ಮುಂದೆ ಹೆದರಾಕೆ ನಾಚ್ಕೆ ಆಗಾಕಿಲ್ಲ. ಹೆದರ್ಕಂಡೇ ಕಣ್ಣು ಬಿಡೋದು ಕಲಿಬೇಕು. ಅದನ್ನ ಬ್ಯಾರೆ ಯಾರತ್ರ ಕಲೀಲಿ?" ದವಡೆಯಿಂದ ಟವಲು ತೆಗೆದು ಕೇಳಿದ. "ಅಲ್ಲೀಗಂಟ ಭಯ ತಡ್ಕೊಂತೀರಾ?"

"ಒಬ್ಳೇ ಆದ್ರೆ ಆಗಾಕಿಲ್ಲ."

ಬಸ್ಸು ಹೊರಟದ್ದು ಇಬ್ಬರಿಗೂ ತಿಳಿದಿರಲಿಲ್ಲ. ಊರು ದಾಟಿದ ಮೇಲೆ ಕಂಡಕ್ಟರು ಬಂದು "ಎಕ್ಕಡಿಕಿ?" ಎಂದಾಗ ಮುರಳಿ ಬಾಗಿಲ ಕಡೆ ನೋಡಿದ. ಇಳಿಯಬೇಕು ಎಂದು ಬಾಯಿ ತೆರೆದ.

"ಕಲ್ಯಾಣದುರ್ಗ. ಇಬ್ರು," ಎಂದಳು ಸುಷ್ಮಾ, ಪರ್ಸು ತೆಗೆಯುತ್ತ. ಅಮ್ಮನಿಗೆ ಏನು ಹೇಳುವುದು ಎಂಬ ಹೊಸ ಭಯವೊಂದು ಆಗಲೇ ಹುಟ್ಟಿತ್ತು. ಆದರೂ ಕಿಟಕಿಯ ಕಡೆ ಸರಿದು ಜಾಗ ಮಾಡಿದಳು.

ಅವನು ಕೂತ. ಅವಳ ಕೈ ನಡುಗುತ್ತಿತ್ತು. ಅವನದೂ ನಡುಗುತ್ತಿತ್ತು. ಯಾರದು ಹೆಚ್ಚು ಎಂದು ತಿಳಿಯಬೇಕಾದರೆ ಎರಡನ್ನೂ ಒಂದೇ ಕಡೆ ಇಟ್ಟು ನೋಡಬೇಕಿತ್ತು. ನೋಡಿದರು.