ನಲವತ್ತೇಳನೆಯ ಹೆಜ್ಜೆ

ನಾನು ಬಡಗಿ, ಅಳತೆಯಲ್ಲಿ ಎಡವಿದವನಲ್ಲ. ಕೆಲಿಬಿಯಾದ ಕಡಲಂಚಿನಲ್ಲಿ ಮನೆ ಕಟ್ಟಲು ನಿವೇಶನ ನೋಡಹೋಗಿದ್ದೆ. ನಮ್ಮ ಕಡೆ ಕೊಳ್ಳುವವನೇ ಗಟ್ಟಿ ದನಿಯಲ್ಲಿ ಹೆಜ್ಜೆ ಎಣಿಸಿ ಜಾಗ ಒಪ್ಪಿಕೊಳ್ಳಬೇಕು. ನಡುಮಧ್ಯಾಹ್ನ ರಸ್ತೆಯಿಂದ ಪಾಪಾಸುಕಳ್ಳಿಯ ಬೇಲಿಯವರೆಗೆ ನಲವತ್ತು ಹೆಜ್ಜೆಯಾಯಿತು. ವಾಪಸು ಬರುವಾಗ ನಲವತ್ತೇಳು.

“ಬಿಸಿಲು ತಲೆಗೇರಿದೆ ಹಾಜಿ, ಇನ್ನೊಂದ್ಸಲ ಎಣಿಸಿ,” ಎಂದು ದಲ್ಲಾಳಿ ಲಮ್ಜೆದ್ ನಕ್ಕ.

ಎಣಿಸಿದೆ. ಮತ್ತೆ ನಲವತ್ತು, ಮತ್ತೆ ನಲವತ್ತೇಳು. ಕೊನೆಯ ಏಳು ಹೆಜ್ಜೆಗಳಲ್ಲಿ ಕಾಲಡಿಯ ಮರಳು ತಣ್ಣಗೆ ಕೊರೆಯುತ್ತಿತ್ತು.

ರಸ್ತೆಯಲ್ಲಿ ನಿಂತಿದ್ದ ನನ್ನ ಹೆಂಡತಿ ನಝೀಹಾ ಬಿಳಿಚಿಕೊಂಡಿದ್ದಳು. “ವಾಪಸು ಬರ್ತಾ ನಲವತ್ತಾದ್ಮೇಲೆ ಎಲ್ಲಿ ಹೋಗ್ಬಿಟ್ರಿ? ಬರೀ ದನಿ ಕೇಳ್ತಿತ್ತು!”

ಲಮ್ಜೆದ್ ಈಗ ನಗಲಿಲ್ಲ. ನನ್ನ ಷರಾಯಿಯನ್ನೇ ನೋಡುತ್ತಿದ್ದ. ಅದು ಮಂಡಿಯವರೆಗೆ ಉಪ್ಪುನೀರಿನಲ್ಲಿ ನೆನೆದಿತ್ತು. ಕಡಲಿದ್ದದ್ದು ಬೇಲಿಯಾಚೆ, ನಾನು ಬೇಲಿ ದಾಟಿರಲೇ ಇಲ್ಲ.